ಉಳ್ಳಾಗಡ್ಡಿ, ಈರುಳ್ಳಿ, ಕಾಂದಾ: ಸೊಲ್ಲಾಪುರ ಗಡಿಸೀಮೆಯ ಕನ್ನಡ ಅಡುಗೆಮನೆ ಮತ್ತು ಟಿ.ವಿ.

 

ಟಿ.ವಿ. ನಮ್ಮ ಊಟವನ್ನು ಹೇಗೆ ಬದಲಿಸಿತು ಅನ್ನೋದು ಬಹಳ ದೊಡ್ಡ ವಿಷಯ. ನಾನು ಅದನ್ನು ಒಂದು ಸೀಮೆಗೆ ಇಳಿಸಿಕೊಂಡಿದ್ದೀನಿ: ಮಹಾರಾಷ್ಟ್ರದ ಒಳಗಿರುವ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳು. ಅಕ್ಕಲಕೋಟೆ ಮತ್ತು ಜತ್ತ ಎರಡೂ ಸ್ವಾತಂತ್ರ್ಯಪೂರ್ವದಲ್ಲಿ ದೇಶೀ ಸಂಸ್ಥಾನಗಳಾಗಿದ್ದವು. ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಲ್ಲೇ ಉಳಿದವು, 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಪಕ್ಕದ ಇಂಡಿ, ಅಫಜಲಪುರ, ಆಳಂದ ಈ ಕಡೆ ಬಂದವು. ಎರಡೂ ಕಡೆಯ ಒಲೆಯ ಮೇಲೆ ಬೇಯುವುದು ಅದೇ ಬಿಳಿಜೋಳದ ರೊಟ್ಟಿ, ಅದೇ ಪುಂಡಿಪಲ್ಯ, ಅದೇ ಶೇಂಗಾ ಹಿಂಡಿ. ಆದರೆ ಎರಡೂ ಕಡೆಯ ಟಿ.ವಿ. ಒಂದೇ ಆಗಿರಲಿಲ್ಲ. ಅಲ್ಲಿಂದ ನನ್ನ ಪ್ರಶ್ನೆ ಶುರುವಾಗುತ್ತೆ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಟಿ.ವಿ. ಮೂರು ಕಾಲಘಟ್ಟಗಳಲ್ಲಿ ಮೂರು ಬೇರೆ ಕೆಲಸ ಮಾಡಿದೆ. ಮೊದಲು ಅದು ಏನು ತಿನ್ನಬೇಕು ಅಂತ ಪಾಠ ಹೇಳಿತು. ಆಮೇಲೆ ಏನು ಕೊಳ್ಳಬೇಕು ಅಂತ ತೋರಿಸಿತು. ಕೊನೆಗೆ ಅಡುಗೆಯನ್ನೇ ಒಂದು ಪ್ರದರ್ಶನ ಮಾಡಿತು. ಗಡಿಯ ಕನ್ನಡಿಗರ ಮಟ್ಟಿಗೆ ಈ ಮೂರರಲ್ಲೂ ಒಂದು ಸಮಾನ ಅಂಶ ಇದೆ. ತಮ್ಮ ಊಟ ಪರದೆಯ ಮೇಲೆ ಬಂದಾಗ ಕೂಡ ಅದು ತಮ್ಮ ಮಾತಿನಲ್ಲಿ ಬರಲಿಲ್ಲ.

1. ಟಿ.ವಿ.ಗಿಂತ ಮುಂಚೆ

ಅಡುಗೆಯನ್ನು ಬರೆದು ಕಲಿಸುವುದು ಈ ಸೀಮೆಗೆ ಹೊಸದಲ್ಲ. 11ನೇ ಶತಮಾನದ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ ಮೀಸಲಾದ ಭಾಗವಿದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಭೋಜನದ ವಿವರ ಬರುತ್ತೆ. ಆದರೆ ಇವು ಓದಬಲ್ಲವರಿಗೆ, ಉಣ್ಣಬಲ್ಲವರಿಗೆ ಬರೆದ ಗ್ರಂಥಗಳು. ಹಳ್ಳಿಯ ಹೆಣ್ಣುಮಗಳು ಅಡುಗೆ ಕಲಿತದ್ದು ಅವ್ವನಿಂದ, ಅತ್ತೆಯಿಂದ, ನೆಗೆಣ್ಣಿಯಿಂದ. ಆ ಅಡುಗೆಮನೆಗೆ ತನ್ನದೇ ಸಾಹಿತ್ಯ ಇತ್ತು, ಅದು ಬೀಸುಕಲ್ಲಿನ ಪದ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬೀಸುವ ಪದಗಳು ನಿಂತುಹೋಗಲು ಟಿ.ವಿ. ಕಾರಣ ಅಂತ ಎಷ್ಟೋ ಸಲ ಭಾಷಣಗಳಲ್ಲಿ ಕೇಳ್ತೀವಿ. ಕಾಲಕ್ರಮ ನೋಡಿದರೆ ಅದು ಸರಿ ಬರಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದ ದಿನವೇ ಬೀಸುಕಲ್ಲು ಮೂಲೆ ಸೇರಿತು. ಟಿ.ವಿ. ಬಂದದ್ದು ಅದರ ನಂತರ. ಅಂದ್ರೆ ಟಿ.ವಿ. ಬರುವ ಹೊತ್ತಿಗೆ ಅಡುಗೆಮನೆ ಆಗಲೇ ಅರ್ಧ ಮೌನವಾಗಿತ್ತು. ಆ ಮೌನದೊಳಗೆ ಟಿ.ವಿ. ಮಾತಾಡತೊಡಗಿತು.

2. ಬರ ಮತ್ತು ಉಪಗ್ರಹ: 1972ರಿಂದ 1976

1972ರ ಬರವನ್ನು ಸೊಲ್ಲಾಪುರ ಸೀಮೆಯ ಹಿರಿಯರು ಇವತ್ತಿಗೂ ಕಾಲ ಅಳೆಯುವ ಗುರುತಾಗಿ ಬಳಸ್ತಾರೆ. 'ಬರಗಾಲದ ಮೊದಲು, ಬರಗಾಲದ ನಂತರ' ಅಂತ. ಜೋಳ ಬೆಳೆಯುವ ನಾಡಿನಲ್ಲಿ ಜೋಳವೇ ಇಲ್ಲವಾಗಿ ಹೊರದೇಶದ ಕೆಂಪು ಜೋಳ, ಅಂದ್ರೆ 'ಮಿಲೋ', ಬಂತು. ಬರ ಪರಿಹಾರದ ಕೆಲಸದ ಜಾಗದಲ್ಲಿ 'ಸುಕಡಿ' ಅನ್ನುವ ಪೌಷ್ಟಿಕ ಹಿಟ್ಟನ್ನು ಹಂಚಿದರು. ಊಟ ಅನ್ನೋದು ಸರಕಾರ ಕೊಡುವ, ಸರಕಾರ ಅಳೆಯುವ ವಸ್ತುವಾಗಿ ಈ ಜನಕ್ಕೆ ಕಂಡದ್ದು ಆಗ.

ಇದಾದ ಮೂರೇ ವರ್ಷಕ್ಕೆ, 1975ರ ಆಗಸ್ಟ್ 1ರಂದು, ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗ ಶುರುವಾಯಿತು. ನಾವೆಲ್ಲ 'ಸೈಟ್' ಅಂತ ಓದಿದ ಪ್ರಯೋಗ ಅದೇ. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್-6 ಉಪಗ್ರಹವನ್ನು ಒಂದು ವರ್ಷ ಬಳಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಪ್ರಸಾರ ಮಾಡಿದರು. ಶಾಲೆ, ಪಂಚಾಯಿತಿ ಕಟ್ಟಡಗಳಲ್ಲಿ ಸಾಮೂಹಿಕ ಟಿ.ವಿ. ಇಟ್ಟು, ಪಕ್ಕದಲ್ಲಿ ತಂತಿ ಬಲೆಯ ದೊಡ್ಡ ಆಂಟೆನಾ ನಿಲ್ಲಿಸಿದರು. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ. ವಿಷಯ ಕೃಷಿ, ಆರೋಗ್ಯ, ಸ್ವಚ್ಛತೆ, ಕುಟುಂಬ ಯೋಜನೆ, ಅದರ ಜೊತೆಗೆ ಪೋಷಣೆ.

ಕರ್ನಾಟಕದಲ್ಲಿ ಇದು ನಡೆದದ್ದು ಆಗಿನ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳಲ್ಲಿ. ಇವುಗಳಲ್ಲಿ ಗುಲಬರ್ಗಾ, ಬಿಜಾಪುರ ಎರಡೂ ಅಕ್ಕಲಕೋಟೆ, ಜತ್ತಗಳಿಗೆ ಹೊಂದಿಕೊಂಡ ಜಿಲ್ಲೆಗಳೇ. ಆ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ ಇರಲಿಲ್ಲ. ಹೀಗಾಗಿ 1956ರಲ್ಲಿ ನಕಾಶೆಯ ಮೇಲೆ ಎಳೆದ ಗೆರೆ 1975ರಲ್ಲಿ ಇನ್ನೊಂದು ಸಲ ಎಳೆಯಲ್ಪಟ್ಟಿತು. ಗೆರೆಯ ಆ ಬದಿಯಲ್ಲಿ ಬಾಣಂತಿ ಏನು ತಿನ್ನಬೇಕು, ಮಗುವಿಗೆ ಯಾವಾಗ ಗಟ್ಟಿ ಆಹಾರ ಕೊಡಬೇಕು ಅಂತ ಕನ್ನಡದಲ್ಲಿ ಕಾರ್ಯಕ್ರಮ. ಈ ಬದಿಯ ಕನ್ನಡಿಗರಿಗೆ ಅದು ಇಲ್ಲ. ಮುಂಬಯಿ ದೂರದರ್ಶನ 1972ರ ಅಕ್ಟೋಬರ್ 2ರಿಂದಲೇ ಇತ್ತು, ಅದರ 'ಆಮಚೀ ಮಾತೀ ಆಮಚೀ ಮಾಣಸಂ' ರೈತರಿಗಾಗಿಯೇ ಮಾಡಿದ ಕಾರ್ಯಕ್ರಮವಾಗಿ ಹೆಸರು ಮಾಡಿತ್ತು. ಆದರೆ ಅದರ ಭಾಷೆ ಮರಾಠಿ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸೈಟ್‌ನ ಕನ್ನಡ ಕಾರ್ಯಕ್ರಮಗಳು ತಯಾರಾದದ್ದು ಬೆಂಗಳೂರಿನಲ್ಲಲ್ಲ, ಹೈದರಾಬಾದಿನಲ್ಲಿ, ತೆಲುಗು ಕಾರ್ಯಕ್ರಮಗಳ ಜೊತೆಗೆ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್‌ನಲ್ಲಿ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಕಲಬುರಗಿಗೆ ಭೂಪ್ರಸಾರದ ಟ್ರಾನ್ಸ್‌ಮಿಟರ್ ಬಂತು. ಅಂದ್ರೆ ಕನ್ನಡ ಟಿ.ವಿ.ಯ ಮೊದಲ ಅಧ್ಯಾಯ ರಾಜಧಾನಿಯದ್ದಲ್ಲ, ಜೋಳ ಉಣ್ಣುವ ಸೀಮೆಯದ್ದು. ನಮ್ಮ ಮಾಧ್ಯಮ ಚರಿತ್ರೆಗಳಲ್ಲಿ ಈ ಅಧ್ಯಾಯಕ್ಕೆ ಸಿಗುವ ಜಾಗ ಬಹಳ ಕಡಿಮೆ.

ಇದರಿಂದ ಉಪಯೋಗ ಆಗಿಲ್ಲ ಅಂತ ಹೇಳಲಾಗದು. ಪ್ರಯೋಗದ ಮೌಲ್ಯಮಾಪನಗಳು ಓದುಬರಹ ಇಲ್ಲದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಆರೋಗ್ಯದ ತಿಳಿವಳಿಕೆ ಹೆಚ್ಚಾಯಿತು ಅಂತ ಗುರುತಿಸಿವೆ. ಆದರೆ ಸಂಬಂಧದ ಸ್ವರೂಪ ನೋಡಿ. ಪರದೆ ಹೇಳುತ್ತೆ, ಊರು ಕೇಳುತ್ತೆ. ಬರದಲ್ಲಿ ಹಸಿದು ಎದ್ದವರಿಗೆ 'ಪೌಷ್ಟಿಕ ಆಹಾರ ತಿನ್ನಿ' ಅನ್ನುವ ಪಾಠ. ಹಸಿವಿಗೆ ಕಾರಣ ತಿಳಿವಳಿಕೆ ಇಲ್ಲದಿರುವುದು ಅನ್ನುವ ಧೋರಣೆ ಇದರೊಳಗೆ ಅಡಗಿದೆ. ಮಳೆ, ಭೂಮಿ, ಕೂಲಿ ಇವು ಆ ಪಾಠದ ಹೊರಗೆ ಉಳಿದವು.

3. ಎರಡು ನಿಮಿಷದ ಅಡುಗೆ

ದೂರದರ್ಶನದಲ್ಲಿ ಜಾಹೀರಾತು 1976ರ ಜನವರಿ 1ರಿಂದ ಶುರುವಾಯಿತು. ನಿಜವಾದ ತಿರುವು ಬಂದದ್ದು 1984ರಲ್ಲಿ. ಆ ವರ್ಷ ಜುಲೈ 7ರಂದು ಮೊದಲ ಪ್ರಾಯೋಜಿತ ಧಾರಾವಾಹಿ 'ಹಮ್ ಲೋಗ್' ಪ್ರಸಾರವಾಯಿತು. ಕುಟುಂಬ ಯೋಜನೆ, ಹೆಣ್ಣುಮಕ್ಕಳ ಸ್ಥಾನಮಾನದಂಥ ಸಾಮಾಜಿಕ ಸಂದೇಶ ಸಾರಲು ಯೋಜಿಸಿದ ಧಾರಾವಾಹಿ ಅದು. ಅದರ ಪ್ರಾಯೋಜಕರು ಫುಡ್ ಸ್ಪೆಷಾಲಿಟೀಸ್ ಲಿಮಿಟೆಡ್, ಅಂದ್ರೆ ಈಗಿನ ನೆಸ್ಲೆ ಇಂಡಿಯಾ. ಮಾರಬೇಕಿದ್ದ ವಸ್ತು 1983ರಲ್ಲಿ ಭಾರತಕ್ಕೆ ಬಂದಿದ್ದ ಮ್ಯಾಗಿ. ಸೈಟ್‌ನಲ್ಲಿ ಪಾಠ ಮತ್ತು ಆಹಾರ ಒಂದೇ ಕಾರ್ಯಕ್ರಮದಲ್ಲಿದ್ದವು. ಇಲ್ಲಿ ಪಾಠ ಧಾರಾವಾಹಿಯಲ್ಲಿ, ಆಹಾರ ಅದರ ನಡುವಿನ ಜಾಹೀರಾತಿನಲ್ಲಿ. ಜನ ನೆನಪಿಟ್ಟುಕೊಂಡದ್ದು ಎರಡನೆಯದನ್ನು.

ಎರಡು ನಿಮಿಷ ಅನ್ನುವ ಮಾತನ್ನು ರೊಟ್ಟಿಯ ಪಕ್ಕ ಇಟ್ಟು ನೋಡಬೇಕು. ಜೋಳದ ರೊಟ್ಟಿಗೆ ಎಸರಿಡಬೇಕು, ಹಿಟ್ಟು ಹದಕ್ಕೆ ನಾದಬೇಕು, ಒಂದೊಂದೇ ಬಡಿದು ಹಂಚಿಗೆ ಹಾಕಿ, ನೀರರಿವೆ ಆಡಿಸಿ, ತಿರುವಿ ಕೆಂಡದ ಮುಂದೆ ಉಬ್ಬಿಸಬೇಕು. ಬಿಸಿ ರೊಟ್ಟಿಯ ಊಟ ಅಂದ್ರೆ ಮನೆಯವರೆಲ್ಲ ಉಣ್ಣುವಾಗ ಒಬ್ಬಾಕೆ ಒಲೆ ಮುಂದೆ ಕೂತಿರಲೇಬೇಕು. ಆದ್ದರಿಂದ 'ಬೇಗ ಆಗುವ ಅಡುಗೆ'ಯ ಆಕರ್ಷಣೆಯನ್ನು ಬರೀ ಜಾಹೀರಾತಿನ ಮೋಡಿ ಅಂತ ತಳ್ಳಿಹಾಕಿದರೆ ಆ ಒಬ್ಬಾಕೆಯ ಕಡೆಯಿಂದ ನೋಡಿದಂತಾಗಲ್ಲ. ಸಂಜೆ ಧಾರಾವಾಹಿಯ ಹೊತ್ತಿಗೆ ಊಟ ಅಡುಗೆಮನೆಯಿಂದ ಟಿ.ವಿ. ಇರುವ ಪಡಸಾಲೆಗೆ ಬಂತು. ಮಧ್ಯಾಹ್ನವೇ ಮಾಡಿಟ್ಟ ರೊಟ್ಟಿ, ಖಡಕ್ ರೊಟ್ಟಿ, ಚಪಾತಿ ಇವುಗಳ ಬಳಕೆ ಹೆಚ್ಚಿತು. ಒಲೆ ಮುಂದಿನ ಆಕೆಗೆ ಎಲ್ಲರ ಜೊತೆ ಕೂತು ಉಣ್ಣುವ ಅವಕಾಶ ಸಿಕ್ಕಿತು. ರುಚಿ ಕಡಿಮೆಯಾಯಿತು ಅಂತ ಬೇಸರಪಡುವವರು ಈ ಲೆಕ್ಕವನ್ನೂ ಹಿಡಿಯಬೇಕು.

ಆದರೆ ಇನ್ನೊಂದು ನಷ್ಟ ಇದೆ, ಅದು ಮರ್ಯಾದೆಯದ್ದು. ಜಾಹೀರಾತಿನ, ಧಾರಾವಾಹಿಯ ಊಟದ ಮೇಜಿನ ಮೇಲೆ ಬಿಳಿ ಅನ್ನ ಇರುತ್ತಿತ್ತು, ಗೋಧಿಯ ಫುಲ್ಕಾ ಇರುತ್ತಿತ್ತು, ಬ್ರೆಡ್ ಇರುತ್ತಿತ್ತು. ಜೋಳದ ರೊಟ್ಟಿ ಕಂಡರೆ ಅದು ಬಡ ರೈತನ ಗುಡಿಸಲಿನಲ್ಲಿ ಮಾತ್ರ. ಶೇಂಗಾ ಬೆಳೆಯುವ, ಗಾಣದ ಎಣ್ಣೆಯ ವಾಸನೆ ಗೊತ್ತಿರುವ ಸೀಮೆಯಲ್ಲಿ ರಿಫೈನ್ಡ್ ಎಣ್ಣೆಯೇ ಶುದ್ಧ ಅನ್ನುವ ಭಾವನೆ ಬಂತು. ವಾಸನೆ ಇಲ್ಲದಿರುವುದೇ ಗುಣ ಆಯಿತು. ಬೀಗರು ಬಂದಾಗ ರೊಟ್ಟಿ ಮುಚ್ಚಿಟ್ಟು ಚಪಾತಿ ಬಡಿಸುವ ರೂಢಿಯ ಹಿಂದೆ ಹಳೆಯ ಜಾತಿ, ವರ್ಗದ ಭಾವನೆಗಳೂ ಇವೆ. ಧಾನ್ಯಗಳ ಮೇಲುಕೀಳು ಎಷ್ಟು ಹಳೆಯದು ಅನ್ನುವುದಕ್ಕೆ ರಾಗಿ ಮತ್ತು ಭತ್ತದ ವ್ಯಾಜ್ಯವನ್ನೇ ವಸ್ತುವಾಗಿಸಿಕೊಂಡ ಕನಕದಾಸರ 'ರಾಮಧಾನ್ಯಚರಿತೆ' ಸಾಕ್ಷಿ. ಟಿ.ವಿ. ಆ ಮೇಲುಕೀಳನ್ನು ಹುಟ್ಟಿಸಲಿಲ್ಲ. ದಿನಾ ಮನೆಯೊಳಗೆ ತಂದು ತೋರಿಸಿತು.

4. ಎರಡು ಚಾನೆಲ್‌ಗಳ ನಡುವಿನ ಮನೆ

1992ರ ಅಕ್ಟೋಬರ್‌ನಲ್ಲಿ ಝೀ ಟಿ.ವಿ. ಬಂತು. ಮರುವರ್ಷ ಅದರಲ್ಲಿ ಸಂಜೀವ್ ಕಪೂರ್ ಅವರ 'ಖಾನಾ ಖಜಾನಾ' ಶುರುವಾಯಿತು. ಅಡುಗೆ ಕಾರ್ಯಕ್ರಮ ಅನ್ನುವ ಪ್ರಕಾರಕ್ಕೆ ಇಡೀ ದೇಶದಲ್ಲಿ ಒಂದು ರೂಪ ಕೊಟ್ಟದ್ದು ಇದು. ನಿಂತು ಮಾಡುವ ಅಡುಗೆ, ಮೊದಲೇ ಹೆಚ್ಚಿಟ್ಟು ಗಾಜಿನ ಬಟ್ಟಲಲ್ಲಿ ಜೋಡಿಸಿದ ಸಾಮಾನು, ಚಮಚದ ಅಳತೆ, ಕೊನೆಗೆ ಅಲಂಕಾರ. ಕೈಯಳತೆ, ಕಣ್ಣಳತೆಯ ಅಡುಗೆಮನೆಗೆ ಇದು ಬೇರೆಯದೇ ವ್ಯಾಕರಣ.

ಆಮೇಲೆ ಪ್ರಾದೇಶಿಕ ಚಾನೆಲ್‌ಗಳು. 1994ರಲ್ಲಿ ಉದಯ, 1999ರಲ್ಲಿ ಆಲ್ಫಾ ಮರಾಠಿ (ಈಗಿನ ಝೀ ಮರಾಠಿ), 2000ದಲ್ಲಿ ಈಟಿವಿ ಮರಾಠಿ ಮತ್ತು ಈಟಿವಿ ಕನ್ನಡ. ಈಟಿವಿಯ ಈ ಎರಡೂ ಚಾನೆಲ್‌ಗಳು ಆಗ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯ ಸಂಸ್ಥೆಯವಾಗಿದ್ದವು. ಸೈಟ್ ಆಗಿ ಇಪ್ಪತ್ತೈದು ವರ್ಷಕ್ಕೆ ಕನ್ನಡ ಟಿ.ವಿ. ಮತ್ತೊಮ್ಮೆ ಹೈದರಾಬಾದಿನ ದಾರಿಯಲ್ಲಿ ಬಂತು ಅನ್ನಬಹುದು. ಗಡಿಯ ಕನ್ನಡ ಮನೆಗೆ ಈಗ ಮೊದಲ ಸಲ ಆಯ್ಕೆ ಸಿಕ್ಕಿತು. ಕೇಬಲ್‌ನವರು ಯಾವುದನ್ನು ಕೊಡ್ತಾರೆ ಅನ್ನೋದರ ಮೇಲೆ ಅದು ನಿಂತಿತ್ತು. ಡಿಶ್ ಬಂದ ಮೇಲೆ ಆ ಅವಲಂಬನೆಯೂ ಸಡಿಲವಾಯಿತು. 1975ರಲ್ಲಿ ಎಳೆದಿದ್ದ ಗೆರೆ ಅಳಿಸಿಹೋಯಿತು.

ಈ ಆಯ್ಕೆಯ ಒಂದು ಬದಿಯಲ್ಲಿ ಝೀ ಮರಾಠಿಯ 'ಆಮ್ಹೀ ಸಾರೇ ಖವಯ್ಯೇ', ಪ್ರಶಾಂತ ದಾಮಲೆ ನಡೆಸಿಕೊಟ್ಟದ್ದು. ಇನ್ನೊಂದು ಬದಿಯಲ್ಲಿ ಝೀ ಕನ್ನಡದ 'ಒಗ್ಗರಣೆ ಡಬ್ಬಿ', ಸ್ಟಾರ್ ಸುವರ್ಣದಲ್ಲಿ ಸಿಹಿಕಹಿ ಚಂದ್ರು ಅವರ 'ಬೊಂಬಾಟ್ ಭೋಜನ'. ಮನೆಯಲ್ಲಿ ಅಡುಗೆ ಮಾಡುವ ಹೆಣ್ಣುಮಕ್ಕಳನ್ನು ಇಂಥ ಕಾರ್ಯಕ್ರಮಗಳು ಪರದೆಗೆ ಕರೆದವು, ಹೆಸರು ಹೇಳಿ ಮಾತಾಡಿಸಿದವು. ಸೈಟ್ ಕಾಲದಲ್ಲಿ ಬರೀ ಕೇಳುಗಳಾಗಿದ್ದ ಹೆಣ್ಣು ಇಲ್ಲಿ ಹೇಳುವವಳಾದಳು. ಇದು ಸಣ್ಣ ಬದಲಾವಣೆ ಅಲ್ಲ.

ಆದರೆ ಯಾವ ಮಾತಿನಲ್ಲಿ ಹೇಳುವವಳಾದಳು? ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಮುಖ್ಯವಾದ ಪ್ರಶ್ನೆ ಇದು.

5. ಮೂರು ಹೆಸರುಗಳ ನಡುವೆ

ನಮ್ಮ ಸೀಮೆಯ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಅಂತಾರೆ. ಬೆಂಗಳೂರಿನ ಕಾರ್ಯಕ್ರಮದಲ್ಲಿ ಅದು ಈರುಳ್ಳಿ, ಮರಾಠಿ ಕಾರ್ಯಕ್ರಮದಲ್ಲಿ ಕಾಂದಾ. ನಮ್ಮಲ್ಲಿ ಬಳ್ಳೊಳ್ಳಿ, ಅಲ್ಲಿ ಬೆಳ್ಳುಳ್ಳಿ, ಇಲ್ಲಿ ಲಸೂಣ. ನಮ್ಮಲ್ಲಿ ಹವೀಜ, ಅಲ್ಲಿ ಧನಿಯಾ ಅಥವಾ ಕೊತ್ತಂಬರಿ ಬೀಜ, ಇಲ್ಲಿ ಧಣೇ. ನಮ್ಮ ಪುಟಾಣಿ ಅಲ್ಲಿ ಹುರಿಗಡಲೆ, ನಮ್ಮ ಶೇಂಗಾ ಅಲ್ಲಿ ಕಡಲೆಕಾಯಿ. ನಾವು ಅಲ್ಲ ಅನ್ನುವುದು ಬೆಂಗಳೂರಿಗೆ ಶುಂಠಿ. ಈ 'ಅಲ್ಲ', 'ಶೇಂಗಾ' ಎರಡೂ ಮರಾಠಿಯಲ್ಲೂ ಇವೆ. ಹೀಗಾಗಿ ಬೆಂಗಳೂರಿನ ಕಿವಿಗೆ ಅವು ಕನ್ನಡವೇ ಅಲ್ಲ ಅನ್ನಿಸಬಹುದು. ಧಾರವಾಡದಿಂದ ಬೀದರಿನವರೆಗೆ ಲಕ್ಷಾಂತರ ಕನ್ನಡ ಮನೆಗಳಲ್ಲಿ ಅವು ದಿನಬಳಕೆಯ ಕನ್ನಡ.

ಕ್ರಿಯಾಪದ ನೋಡ್ರಿ, ವಿಷಯ ಇನ್ನೂ ಸ್ಪಷ್ಟ ಆಗುತ್ತೆ. ನಾವು ರೊಟ್ಟಿ 'ಬಡೀತೀವಿ'. ದಕ್ಷಿಣದಲ್ಲಿ ರೊಟ್ಟಿ 'ತಟ್ಟುತ್ತಾರೆ'. ಚಪಾತಿಯನ್ನು 'ಲಟ್ಟಿಸುತ್ತಾರೆ'. ಇವು ಒಂದೇ ಕೆಲಸಕ್ಕೆ ಮೂರು ಹೆಸರಲ್ಲ, ಮೂರು ಬೇರೆ ಕೈಚಳಕ. ರಾಗಿ, ಅಕ್ಕಿ ರೊಟ್ಟಿಯನ್ನು ಎಲೆ ಅಥವಾ ಹಂಚಿನ ಮೇಲೆ ಬೆರಳಿನಿಂದ ಹರಡಿ ತಟ್ಟಬಹುದು. ಜೋಳದ ರೊಟ್ಟಿಯನ್ನು ಒಣಹಿಟ್ಟಿನ ಮೇಲೆ ಅಂಗೈಯಿಂದ ಬಡಿಯುತ್ತ, ತಾನೇ ಸುತ್ತುವಂತೆ ಮಾಡಬೇಕು. ಟಿ.ವಿ.ಯಲ್ಲಿ ಸುಲಭ ಉಪಾಯ ಅಂತ ಜೋಳದ ರೊಟ್ಟಿಯನ್ನೂ ಲಟ್ಟಣಿಗೆಯಿಂದ ಲಟ್ಟಿಸಿ ತೋರಿಸಿದಾಗ ಒಂದು ಕ್ರಿಯಾಪದದ ಜೊತೆ ಒಂದು ಕೌಶಲವೂ ಪಕ್ಕಕ್ಕೆ ಸರಿಯುತ್ತೆ.

ಹೆಸರು ಬದಲಾದರೆ ಏನಾಯಿತು, ರುಚಿ ಅದೇ ಅಲ್ವಾ ಅಂತ ಕೇಳಬಹುದು. ಅದಕ್ಕೆ ಶೇಂಗಾ ಹಿಂಡಿಯ ಉದಾಹರಣೆ ಕೊಡ್ತೀನಿ. ಹುರಿದ ಶೇಂಗಾ, ಬಳ್ಳೊಳ್ಳಿ, ಖಾರ, ಉಪ್ಪು ಸೇರಿಸಿ ಎಣ್ಣೆ ಬಿಡುವ ತನಕ ಕುಟ್ಟುವುದು ಹಿಂಡಿ. ಕುಟ್ಟುವ ಕೆಲಸದಿಂದ ಆ ಹದ ಬರುತ್ತೆ. ಈಗ ಅದು ಪೊಟ್ಟಣದಲ್ಲಿ, ಪರದೆಯಲ್ಲಿ 'ಸೋಲಾಪುರೀ ಶೇಂಗದಾಣಾ ಚಟಣೀ'. ಬೆಂಗಳೂರಿನ ಪರದೆಯಲ್ಲಿ 'ಕಡಲೆಕಾಯಿ ಚಟ್ನಿಪುಡಿ'. ಎರಡೂ ಹೆಸರಿನಲ್ಲಿ ಅದು ಚೆನ್ನಾಗಿಯೇ ಮಾರಾಟ ಆಗುತ್ತೆ, ಸೊಲ್ಲಾಪುರದ ಹೆಸರೂ ಉಳಿಯುತ್ತೆ. ಆದರೆ ಅದನ್ನು ಕುಟ್ಟಿದ ಎಷ್ಟೋ ಕೈಗಳು ಕನ್ನಡ ಮನೆಗಳವು ಅನ್ನೋದು ಎರಡೂ ಹೆಸರಿನಲ್ಲಿ ಕಾಣಲ್ಲ. ಕನ್ನಡ ಶಾಲೆಗಳ ಸಂಖ್ಯೆ, ಫಲಕ, ಪಠ್ಯಪುಸ್ತಕ ಇವುಗಳ ಮೂಲಕ ನಾವು ಗಡಿ ಕನ್ನಡದ ಸ್ಥಿತಿಯನ್ನು ಅಳೀತೀವಿ. ಅದು ಬೇಕು. ಆದರೆ ಶಾಲೆಯಲ್ಲಿ ಮರಾಠಿ ಕಲಿತ ಮಗಳೂ ಮನೆಯಲ್ಲಿ 'ಯವ್ವಾ, ಉಳ್ಳಾಗಡ್ಡಿ ಎಲ್ಲಿಟ್ಟಿ?' ಅಂತ ಕೇಳುವ ತನಕ ಭಾಷೆ ಮನೆಯಲ್ಲಿ ಉಳಿದಿರುತ್ತೆ. ಅಡುಗೆಮನೆ ಅದರ ಕೊನೆಯ ಕೋಣೆ. ಟಿ.ವಿ. ಎರಡೂ ಬಾಗಿಲಿನಿಂದ ಒಳಗೆ ಬಂದದ್ದು ಅದೇ ಕೋಣೆಗೆ.

6. ಜೋಳ ತಿರುಗಿ ಬಂದಾಗ

ಭಾರತ ಸರಕಾರ 2018ನ್ನು ರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಚರಿಸಿತು. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿತು. ಜೋಳವೂ ಆ ಪಟ್ಟಿಯಲ್ಲಿತ್ತು. ನೋಡನೋಡುತ್ತಿದ್ದಂತೆ ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು, ಹೊಟ್ಟೆಯ ಆರೋಗ್ಯಕ್ಕೆ ಅಂತ ಬೆಳಗಿನ ಕಾರ್ಯಕ್ರಮಗಳಲ್ಲಿ ಜೋಳ ಬಂತು. ಜೋಳದ ದೋಸೆ, ಜೋಳದ ಉಪ್ಪಿಟ್ಟು, ಜೋಳದ ಪಾಸ್ತಾ. ಪಾಠ ಹೇಳುವ ಟಿ.ವಿ., ಮಾರುವ ಟಿ.ವಿ., ಪ್ರದರ್ಶಿಸುವ ಟಿ.ವಿ. ಮೂರೂ ಇಲ್ಲಿ ಒಟ್ಟಿಗೆ ಸೇರಿದವು.

ಇದರಿಂದ ಜೋಳಕ್ಕೆ ಮರ್ಯಾದೆ ಬಂದದ್ದು ನಿಜ. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲೇ ಭೌಗೋಳಿಕ ಸೂಚಕ ಸಿಕ್ಕಿತ್ತು. ಹಿಂಗಾರಿಯ ಪ್ರಸಿದ್ಧ ತಳಿ ಮಾಲದಂಡಿ ಎಂ-35-1 ಆಯ್ಕೆಯಾದದ್ದು ಇದೇ ಜಿಲ್ಲೆಯ ಮೋಹೋಳದಲ್ಲಿ. ಆದರೆ ಈ ಮರ್ಯಾದೆ ಔಷಧಿಯ ರೂಪದಲ್ಲಿ ಬಂದಿದೆ. ಪರದೆಯ ಮೇಲೆ ಜೋಳ ಅಂದ್ರೆ ನಾರಿನಂಶ, ಕಬ್ಬಿಣಾಂಶ. ಎಳ್ಳಮವಾಸಿಗೆ ಹೊಲಕ್ಕೆ ಬುಟ್ಟಿ ಹೊತ್ತುಕೊಂಡು ಹೋಗಿ ಚರಗ ಚೆಲ್ಲುವುದು, ಭಜ್ಜಿ, ಅಂಬಲಿ, ಸಜ್ಜಿ ಕಡುಬು, ನೆರೆಹೊರೆಯವರನ್ನು ಕರೆದು ಉಣಿಸುವುದು, ಈ ಸಂಬಂಧ ಪೋಷಕಾಂಶದ ಪಟ್ಟಿಯೊಳಗೆ ಹಿಡಿಸಲ್ಲ. ಇನ್ನು ಬೆಲೆಯ ಮಾತು. ಬಿಳಿಜೋಳ ಗೋಧಿಗಿಂತ ತುಟ್ಟಿಯಾದದ್ದುಂಟು. ಬಡವರ ಊಟ ಅಂತ ಒಂದು ಕಾಲದಲ್ಲಿ ಪರದೆ ತೋರಿಸಿದ ರೊಟ್ಟಿಯನ್ನು ಆರೋಗ್ಯದ ಊಟ ಅಂತ ಅದೇ ಪರದೆ ತೋರಿಸುವ ಹೊತ್ತಿಗೆ ಕೂಲಿ ಮಾಡುವವರ ಮನೆಯಲ್ಲಿ ರೇಶನ್ ಅಕ್ಕಿ ಬೇಯುತ್ತಿದೆ. ಬೆಲೆ ಏರಲು ಬೆಳೆಯುವ ಪ್ರದೇಶ ಕುಗ್ಗಿದ್ದು, ನೀರಾವರಿ ಬಂದಲ್ಲಿ ಕಬ್ಬು ಬಂದದ್ದು ಮುಖ್ಯ ಕಾರಣ. ಟಿ.ವಿ.ಯ ಪಾಠದಲ್ಲಿ 1975ರಲ್ಲಿ ಭೂಮಿ, ಕೂಲಿ ಹೇಗೆ ಹೊರಗಿದ್ದವೋ ಈಗಲೂ ಹಾಗೇ ಹೊರಗಿವೆ.

7. ಕೊನೆಯ ಮಾತು

ನನ್ನ ವಾದಕ್ಕೆ ಒಂದು ಆಕ್ಷೇಪ ಬರಬಹುದು. ಈಗ ಯಾರು ಟಿ.ವಿ. ನೋಡ್ತಾರೆ, ಎಲ್ಲಾ ಮೊಬೈಲು ಅಂತ. ಅದು ಸರಿಯಾದ ಪ್ರಶ್ನೆಯೇ, ಉತ್ತರವೂ ಸ್ವಲ್ಪ ಸಮಾಧಾನದ್ದು. ಯೂಟ್ಯೂಬ್‌ನಲ್ಲಿ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತಮ್ಮ ಒಲೆ ಮುಂದೆ ಕೂತು 'ಉಳ್ಳಾಗಡ್ಡಿ ಹೆಚ್ಚಿ ಹಾಕ್ರಿ', 'ಹವೀಜ ಹುರಕೊಳ್ರಿ' ಅಂತ ಧೈರ್ಯವಾಗಿ ಹೇಳ್ತಿದ್ದಾರೆ. ಟಿ.ವಿ. ಕೊಡದ ಜಾಗ ಅಲ್ಲಿ ಸಿಕ್ಕಿದೆ. ಆದರೆ ಅಲ್ಲಿನ ಅಡುಗೆಯ ಮಾದರಿ, ಜೋಡಿಸಿಟ್ಟ ಬಟ್ಟಲು, ಚಮಚದ ಅಳತೆ, ಕೊನೆಯ ಅಲಂಕಾರ ಬಹಳ ಮಟ್ಟಿಗೆ ಟಿ.ವಿ. ಕಲಿಸಿದ್ದೇ. ಆದ್ದರಿಂದ ಟಿ.ವಿ.ಯ ಚರಿತ್ರೆ ಮುಗಿದ ಅಧ್ಯಾಯ ಅಲ್ಲ.

ನಾನು ಇಲ್ಲಿ ಹೇಳಿದ್ದು ಒಂದು ಸೀಮೆಯ ಕತೆ. ಕಾಸರಗೋಡಿನ ಮನೆಯಲ್ಲಿ ಮಲಯಾಳಂ, ಕನ್ನಡ ಚಾನೆಲ್‌ಗಳ ನಡುವೆ, ತಾಳವಾಡಿಯಲ್ಲಿ ತಮಿಳು, ಕನ್ನಡದ ನಡುವೆ, ರಾಯದುರ್ಗದಲ್ಲಿ ತೆಲುಗು, ಕನ್ನಡದ ನಡುವೆ ಅಡುಗೆಮನೆಯ ಮಾತು ಏನಾಗಿದೆ ಅಂತ ಆಯಾ ಊರಿನವರೇ ಹೇಳಬೇಕು. ಅದಕ್ಕೊಂದು ಸರಳ ಕೆಲಸ ಸೂಚಿಸ್ತೀನಿ. ನಾವು ಪ್ರತಿಯೊಬ್ಬರೂ ನಮ್ಮ ಮನೆಯ ಅಡುಗೆಯ ಐವತ್ತು ಪದ ಬರೆದುಕೊಳ್ಳೋಣ. ಸಾಮಾನಿನ ಹೆಸರು ಮಾತ್ರ ಅಲ್ಲ, ನಾದು, ಬಡಿ, ಕುಟ್ಟು, ಹುರಿ, ಬಾಡಿಸು ಅನ್ನುವ ಕ್ರಿಯಾಪದಗಳನ್ನೂ ಬರೆಯೋಣ. ಅಜ್ಜಿ, ಅವ್ವ, ತಂಗಿ ಮೂವರೂ ಒಂದೊಂದಕ್ಕೆ ಏನಂತಾರೆ ಅಂತ ಮೂರು ಸಾಲಿನಲ್ಲಿ ಗುರುತು ಮಾಡೋಣ. ಮೂರು ತಲೆಮಾರಿನ ಆ ಪಟ್ಟಿಯನ್ನು ಪಕ್ಕಪಕ್ಕ ಇಟ್ಟರೆ ಟಿ.ವಿ. ಏನು ಕಲಿಸಿತು, ಏನು ಮರೆಸಿತು ಅನ್ನೋದು ನನ್ನ ಈ ಪ್ರಬಂಧಕ್ಕಿಂತ ಚೆನ್ನಾಗಿ ಕಾಣುತ್ತೆ.